ಅರ್ಧ ಟಿಕೆಟ್ಟು

ಹೊಸದುರ್ಗದಿಂದ ಮೊಳಕಾಲ್ಮೂರಿಗೆ ಆರೂ ಹತ್ತರ ಗಾಡಿ.
ಚೀಲ ನನ್ನದು, ಸೀಟಿ ನನ್ನದು.
ವಾಣಿವಿಲಾಸಪುರದ ಹತ್ತಿರ ಕೈ ಅಡ್ಡ ಹಾಕಿ ಹತ್ತಿದ
ಕಿನ್ನರಿ ಪಾಲಯ್ಯ.
ಹೆಗಲ ಮೇಲೊಂದು ಬಿದಿರು, ಬಿದಿರಿಗೆ ಮೂರು ಸೋರೆಬುರುಡೆ,
ಬಾಗಿಲಲ್ಲಿ ಅಡ್ಡಡ್ಡ ಸಿಕ್ಕಿಕೊಂಡು
ಒಳಗೂ ಬಾರದು, ಹೊರಗೂ ಹೋಗದು.

‘ಲಗೇಜು ಹಾಕಿಸಬೇಕು ಯಜಮಾನ.’
‘ಲಗೇಜಲ್ಲಪ್ಪ ಇದು, ಮಾತಾಡುತ್ತೆ.’
‘ಹಂಗಾದ್ರೆ ಫುಲ್ ಟಿಕೆಟ್ಟು.’
‘ಹನ್ನೆರಡು ತುಂಬಿಲ್ಲ ಇನ್ನೂ’ ಅಂದ, ಮುಖ ಸಡಿಲಿಸದೆ.
ಗಾಡಿಗೆ ಗಾಡಿಯೇ ನಕ್ಕಿತು. ನಾನೂ ಹರಿದುಕೊಟ್ಟೆ
ಕಿನ್ನರಿಯ ಹೆಸರಿಗೊಂದು ಅರ್ಧ ಟಿಕೆಟ್ಟು.
ಕಿಟಕಿ ಪಕ್ಕ ಕೂರಿಸಿದ ಅದನ್ನ,
ತಾನು ನಿಂತ.

ಸಾಣಿಕೆರೆಯಲ್ಲಿ ಇಳಿದವನು
ನಾಲ್ಕನೇ ದಿನಕ್ಕೆ ತಳಕಿನಲ್ಲಿ ಹತ್ತುತ್ತಿದ್ದ,
ನಡುವಿನ ಹಟ್ಟಿಗಳೆಲ್ಲ ಕಾಲ್ನಡಿಗೆ.
ಒಬ್ಬರು ಸೇರು ರಾಗಿ, ಒಬ್ಬರು ಹಸಿ ಶೇಂಗಾ,
ಒಬ್ಬಳು ಏನೂ ಕೊಡದೆ
ಸತ್ತ ಮಗುವಿನ ಹೆಸರು ಹಾಡಲ್ಲಿ ಸೇರಿಸು ಅಂದಳಂತೆ.
ಸೇರಿಸಿದೆ, ಪ್ರಾಸ ಕೂಡಲಿಲ್ಲ, ಅಂದ.

ಮೊಳಕಾಲ್ಮೂರಿನ ಮಗ್ಗದವರು
ಕೈ ನಿಲ್ಲಿಸಿ ಕೇಳಿದರೆ ಅವನಿಗೆ ಸಿಟ್ಟು:
‘ನೇಯ್ರಪ್ಪ ನೇಯ್ರಿ, ನಾನು ತಾಳಕ್ಕೆ ಎಲ್ಲಿಗೆ ಹೋಗ್ಲಿ?’
ತಂತಿ ಹರಿದಾಗ ಹಿರಿಯೂರಿನ ಗ್ಯಾರೇಜು.
ಖಾಜಾಪೀರ ಹಳೇ ಬೈಕಿನ ಕ್ಲಚ್ ವೈರು ಬಿಚ್ಚಿ
ಒಂದೊಂದೇ ಎಳೆ ಬಿಡಿಸಿ ಕೊಟ್ಟ.
ಅಂದಿನಿಂದ ಮಂದ್ರದ ಸ್ವರ
ಏರಿನಲ್ಲಿ ಗೇರು ಬದಲಾಯಿಸಿದ ಹಾಗೆ
ಒಂಚೂರು ತಡೆದು ಬರುತ್ತಿತ್ತು.

ಗಾಳಿ ಫ್ಯಾನಿನ ಗುಡ್ಡದ ಬುಡದಲ್ಲಿ ಪಂಕ್ಚರಾದ ಮಧ್ಯಾಹ್ನ
ಎಲ್ಲರೂ ನನ್ನ ಬೈಯುತ್ತಿದ್ದರು.
ಅವನು ಕಳ್ಳಿ ನೆರಳಲ್ಲಿ ಕೂತು ಕಿವಿಯೆತ್ತಿ,
‘ಹೂಂ ಅಂತಿದೆ ನೋಡು,
ಕಂಪನಿಯವರು ಪುಕ್ಕಟೆ ಶ್ರುತಿ ಹಿಡಿದವ್ರೆ’
ಎಂದು ಮೇಣ ಒತ್ತಿ, ಮೆಟ್ಟು ಸರಿಸಿ
ಗುಡ್ಡದ ಜೊತೆಗೇ ಶುರು ಮಾಡಿದ.
ಟೈರು ಬದಲಾದ ಮೇಲೂ ಯಾರೂ ಹತ್ತಲಿಲ್ಲ.
ಡಿಪೋದಲ್ಲಿ ನನಗೆ ಮೆಮೊ ಬಂತು.

ಆಮೇಲೆ ಆ ಈರುಳ್ಳಿ ಚೀಲ.
ಚಳ್ಳಕೆರೆ ಸಂತೆಯ ನೂಕಾಟದಲ್ಲಿ
ಮೇಲಿನ ಕಂಬಿಗೆ ಎತ್ತಿಟ್ಟವನು ನಾನೇ.
ಹಳ್ಳದ ತಿರುವಿನಲ್ಲಿ ಜಾರಿತು.
ನಡುವಿನ ಬುರುಡೆ ಒಡೆದ ಸದ್ದು
ಇಷ್ಟೇ: ಮೊಟ್ಟೆ ಒಡೆದಷ್ಟು.
ಪಾಲಯ್ಯ ಚೂರುಗಳನ್ನು ಪಂಚೆಯ ಚುಂಗಿಗೆ ಕಟ್ಟಿಕೊಂಡ.
ಸೀಟಿ ಹಾಕು, ಅಂದ. ಊರಿಲ್ಲದ ಕಡೆ ಇಳಿದ.
ಅರ್ಧ ಟಿಕೆಟ್ಟಿನ ದುಡ್ಡು ವಾಪಸ್ಸು ಕೊಡಲು ಹೋದೆ.
ಛೆ. ಎಂಥ ಕೆಲಸ.

ಹಿತ್ತಲ ಬೇಲಿಗೆ ನನ್ನ ಹೆಂಡತಿ ಸೋರೆ ಹಬ್ಬಿಸಿದ್ದಳು.
ಆ ದಪ್ಪನೆಯದನ್ನ ಪಲ್ಯಕ್ಕೆ ಕೀಳಬೇಡ ಅಂದೆ.
ಅದು ಬಲಿತು, ತೊಗಟೆ ಮರವಾಯಿತು;
ತಂದು ಡ್ರೈವರ್ ಮೈಲಾರಪ್ಪನ ಪಕ್ಕ
ಎಂಜಿನ್ನಿನ ಬಿಸಿ ಬಾನೆಟ್ಟಿನ ಮೇಲೆ ಇಟ್ಟೆ.
ಮೂರು ತಿಂಗಳು ಒಣಗಿತು
ಹೊಸದುರ್ಗ, ಹಿರಿಯೂರು, ಚಳ್ಳಕೆರೆ, ತಳಕು,
ಮತ್ತೆ ತಳಕು, ಚಳ್ಳಕೆರೆ.
‘ಯಾವ ದೇವರಿಗೆ ಹರಕೆ?’ ಎಂದವರಿಗೆ
ಮುಂದಿನ ಸ್ಟಾಪು ಹೇಳಿದೆ.
ಒಂದು ದಿನ ಬ್ರೇಕಿಗೆ ಉರುಳಿದಾಗ
ಒಳಗೆ ಬೀಜ ಗಿಲಕಿಯಾಡಿದವು.

ಸಾಣಿಕೆರೆಯ ಬೇವಿನ ಕೆಳಗೆ ಸಿಕ್ಕ,
ಎರಡೇ ಬುರುಡೆಯ ಕಿನ್ನರಿ, ಬಾಗಿದ ಬಿದಿರು.
ಬೆರಳ ಗಿಣ್ಣಿನಿಂದ ತಟ್ಟಿದ. ಕಿವಿಗಿಟ್ಟ. ಮತ್ತೆ ತಟ್ಟಿದ.
‘ಎಲ್ಲೆಲ್ಲಿ ತಿರುಗಿಸಿದ್ದೀಯಪ್ಪ ಇದನ್ನ?’
‘ರೂಟಿನ ಉದ್ದಕ್ಕೂ.’
‘ಅದೇ.’ ಅಷ್ಟೇ ಅಂದದ್ದು.

ಹದಿನೈದು ದಿನ ಬಿಟ್ಟು ಹತ್ತಿದ, ಮೂರೂ ಬುರುಡೆ ತೂಗಿಕೊಂಡು.
ನಾನು ಮೆಷಿನ್ನಿನಲ್ಲಿ ಒಂದೂವರೆ ಒತ್ತುವಷ್ಟರಲ್ಲಿ
ಕೈ ಹಿಡಿದ:
‘ಹನ್ನೆರಡು ತುಂಬಿತು. ಎರಡು ಕೊಡು, ಎರಡೂ ಫುಲ್ಲು.’
ಎಣಿಸಿದ ಚಿಲ್ಲರೆಯೊಳಗೆ
ಬುರುಡೆ ಕೊರೆದಾಗ ತೆಗೆದ ಬೀಜಗಳೂ ಬಂದವು.

ಆವತ್ತು ಹಾನಗಲ್ಲಿನ ಒಬ್ಬ ಅಜ್ಜಿಗೆ
ಚೀಲಕ್ಕೆ ಕೈಹಾಕಿ ರೂಪಾಯಿ ಕೊಡುವಾಗ
ಸೋರೆ ಬೀಜವೊಂದು ಜೊತೆಗೆ ಹೋಯಿತು.
ಕಿಟಕಿ ಬೆಳಕಿಗೆ ಹಿಡಿದು ನೋಡಿದಳು.
ಸೆರಗಿನ ಗಂಟಿಗೆ ಹಾಕಿಕೊಂಡಳು,
ವಾಪಸ್ಸು ಕೊಡಲಿಲ್ಲ.