ಉಲ್ಟಾ ಬಾಗಲು

ಕೂಡ್ರಿ. ಚಾ ಹೇಳೀನಿ.
ನಿಮ್ಮ ಗಾಡಿಗಿ ಏನಾಗ್ಯಾದಂತ ನನಗ ತಿಳಿಯಂಗಿಲ್ಲ,
ಹಳದಿ ದೀಪ ಒಂದು ಹತ್ಯಾದ, ಅಟ್ಟೇ.
ಕಂಪನಿ ಹುಡುಗ ಬರ್ತಾನ, ಲ್ಯಾಪ್‌ಟಾಪ್ ಹಚ್ಚತಾನ,
ಅದು ಅಂವಗ ಹೇಳ್ತದ. ನಮಗ ಹೇಳಂಗಿಲ್ಲ.

ಅಲ್ಲಿ, ಬೇವಿನ ಗಿಡದ ನೆಳ್ಳಾಗ, ಬೂದಿ ಬಣ್ಣದ್ದು,
ಹೌದು, ಅದೇ. ಹುಮನಾಬಾದ್ ಬೇಸಿಗಿ ಬಂದೋರೆಲ್ಲಾ ಅದನ್ನೇ ಕೇಳ್ತಾರ.
ಮಾರಂಗಿಲ್ಲ. ನಂದಲ್ಲ ಅದು.
ಜಗದೇವಿ ಸಿಸ್ಟರ್‌ದು. ಸರ್ಕಾರಿ ದವಾಖಾನಿ, ಹೆರಿಗಿ ವಾರ್ಡು,
ಮೂವತ್ತೊಂದು ವರ್ಷ.
ಫಿಯಾಟ್ ಇಲೆವನ್ ಹಂಡ್ರೆಡ್.
ಇಟಲಿಯವರು ಬರದ ನಕ್ಷಾ, ಮುಂಬೈಯಾಗ ಜೋಡಿಸಿದ ಮೈ,
ಮೊದಲ ತಗೊಂಡಂವ ಶಹಾಬಾದದ ಒಬ್ಬ ಖದಾನಿ ಮುನಶಿ.
ಅಂವ ಸೀಟಿನ ಕೆಳಗ ಬಿಟ್ಟ ಫರಸಿ ಧೂಳು
ಇನ್ನಾ ಬರ್ತದ, ಝಾಡಿಸಿದಾಗೊಮ್ಮೆ.

ಮುಂದಿನ ಬಾಗಲಾ ನೋಡ್ರಿ,
ಹಿಂದಿನ ಕಡಿ ಕೀಲು. ಉಲ್ಟಾ ತೆರೀತದ.
ಓಡೋವಾಗ ತೆರದ್ರ ಗಾಳಿ ಕಿತಗೊಂಡು ಹೋಗ್ತದಂತ
ಆಮ್ಯಾಲಿನ ಮಾಡಲ್‌ನಾಗ ಬದಲಿ ಮಾಡಿದ್ರು.
ಸಿಸ್ಟರ್ ಮಾತ್ರ ಅಂತಿದ್ಳು:
"ಮಕ್ತುಮ, ಇದನ್ನ ಮಾಡಿದಂವನ ಮನ್ಯಾಗ
ಬಸರಿ ಹೆಣಮಗಳು ಇದ್ದಿರಬೇಕು."
ಮೊದಲ ಕೂಡೋದು, ಆಮ್ಯಾಲ ಎರಡೂ ಕಾಲು ಒಳಗ,
ಮನಿ ಕಟ್ಟಿ ಮ್ಯಾಲ ಕೂತಂಗ.
ಸೀರಿ ಸಿಗಂಗಿಲ್ಲ. ಹೊಟ್ಟಿ ತಾಗಂಗಿಲ್ಲ.

ಐಬು ಇಲ್ಲಂತ ಅಲ್ಲ.
ಬ್ಯಾಸಗ್ಯಾಗ ಆಳಂದ ರಸ್ತಾಕ್ಕ ಹೋದ್ರ ಕುದೀತದ,
ಡಿಕ್ಕ್ಯಾಗ ಒಂದು ಕೊಡ ನೀರು ಇರಲೇಬೇಕು.
ಬ್ರೇಕ್ ತುಳೀಬಾರ್ದು, ಬೇಡ್ಕೋಬೇಕು.
ಮಳಿ ಜೋರಾದ್ರ ವೈಪರ್ ನಿಂತು ಮಳಿ ನೋಡ್ತದ.

ಸಣ್ಣದ್ರಿ. ನಿಮ್ಮ ಗಾಡಿ ಬಾಜೂ ನಿಲ್ಲಿಸಿದ್ರ
ಎಮ್ಮಿ ಬಾಜೂ ಕುರಿಮರಿ.
ಅದಕ್ಕೇ ಮೋಮಿನಪುರದ ಗಲ್ಲ್ಯಾಗ, ರಾತ್ರಿ ಎರಡಕ್ಕ,
ಎರಡೂ ಗ್ವಾಡಿಗಿ ಒಂದೊಂದು ಗೇಣು ಬಿಟ್ಟು
ಹೊಸ್ತಲ ತನಕ ಹೋಗ್ತಿತ್ತು.
ಆಂಬುಲೆನ್ಸು ದೊಡ್ಡ ರಸ್ತಾದಾಗೇ ನಿಂತು ಕೂಗ್ತಿತ್ತು.

ಒಂದು ಸಲ ದವಾಖಾನಿ ಮುಟ್ಟಲಿಲ್ಲ.
ಜಗತ್ ಸರ್ಕಲ್ ದಾಟೋದ್ರಾಗ, ಹಿಂದಿನ ಸೀಟಿನ್ಯಾಗ, ಗಂಡು.
ಅವತ್ತು ನಾ ಹೊಡೀತಿದ್ದೆ.
ಕನ್ನಡಿ ಮ್ಯಾಲಕ ತಿರುವಿ ಕೂತಿದ್ದೆ,
ದೀಪ ಆರಬಾರ್ದಂತ ಸಣ್ಣಗ ರೇಸ್ ಕೊಡಕೋತ.
ಆ ಹುಡುಗ ಈಗ ಆರ್‌ಟಿಓ ಆಫೀಸಿನಾಗ ಗುಮಾಸ್ತ.
ಹೋದ ವರ್ಷ ಇದರ ಕಾಗದ ನಾನೇ ಒಯ್ದಿದ್ದೆ,
ಮತ್ತ ಐದು ವರ್ಷದ ಆಯುಷ್ಯಕ್ಕ.
"ಚಾಚಾ, ಗುಜರಿಗಿ ಕೊಟ್ಟುಬಿಡ್ರಲ್ಲ" ಅಂದ.
ಅಂವಗ ಗೊತ್ತಿಲ್ಲ. ನಾನೂ ಹೇಳಲಿಲ್ಲ.
ಫೀ ತಗೊಂಡ, ರಸೀದಿ ಕೊಟ್ಟ,
ಎರಡು ರೂಪಾಯಿ ಚಿಲ್ಲರ ಬಾಕಿ ಇಟ್ಟ.

ಸಿಸ್ಟರ್‌ಗ ಈಗ ಎಪ್ಪತ್ತೆಂಟು. ಕಣ್ಣು ಮಂಜು.
ಐತವಾರಕ್ಕೊಮ್ಮೆ ಆಟೋದಾಗ ಬರ್ತಾಳ,
ಬಾಗಲಾ ತಾನೇ ತೆಗದು ಸ್ಟೇರಿಂಗ್ ಹಿಡದು ಕೂಡ್ತಾಳ.
ನಾ ಹ್ಯಾಂಡಲ್ ಹಾಕಿ ತಿರುವ್ತೀನಿ. ಮೂರು ಸಲಕ್ಕ ಆದ್ರ ಆಯ್ತು,
ಇಲ್ಲಂದ್ರ ಏಳಕ್ಕ.
ಆಕಿ ಕಣ್ಣು ಮುಚ್ಚಿ ಕೇಳ್ತಾಳ,
ಹೊಟ್ಟಿಗಿ ಕಟ್ಟಿಗಿ ಕೊಳವಿ ಹಚ್ಚಿ
ಕೂಸಿನ ಎದಿ ಬಡತ ಕೇಳ್ತಿದ್ಳಲ್ಲ, ಹಂಗ.
"ಮೂರನೇದು ತಡಾ ಬಡೀಲತ್ಯಾದ, ಮಕ್ತುಮ."
ಖರೇನೇ. ಮೂರನೇ ಪ್ಲಗ್‌ನಾಗ ಮಸಿ.

ಅದರ ಮ್ಯಾಲ ಈಟ ಜೀವ ಯಾಕಂತ ಕೇಳಿದ್ರೆಲ್ಲ.
ಚಂದ ಅದ ಅಂತ ಹೇಳಿ ಮುಗಸಬೌದಿತ್ತು.
ನಿಮ್ಮ ಹುಡುಗ ಇನ್ನಾ ಬಂದಿಲ್ಲ, ಏಳ್ರಿ,
ಬಾನೆಟ್ ಎತ್ತತೀನಿ.
ನಡುವ ಇಂಜಿನ್. ಆಚೀಚಿ ಖಾಲಿ ಜಾಗ,
ಅದರಾಗಿಂದ ಕೆಳಗ ನೆಲಾ ಕಾಣ್ತದ.
ಇರಿವಿ ಸಾಲು ಹೊಂಟಾವ ನೋಡ್ರಿ.
ನಿಮ್ಮ ಗಾಡ್ಯಾಗ ಕೈ ಜಾರಿದ ನಟ್ಟು
ಎಲ್ಲಿ ಹೋಯ್ತಂತ ಅಲ್ಲಾಗೇ ಗೊತ್ತು.
ಇಲ್ಲಿ, ಇದನ್ನ ಹಿಡೀರಿ. ಈಗ ಬಿಡ್ರಿ.
ಫರಸಿ ಮ್ಯಾಲ,
ಟಣ್.