ಷರಾ

ತಿಂಗಳದ ಎರಡನೇ ಮಂಗಳವಾರ, ನಾಲ್ಕನೇ ಮಂಗಳವಾರ
ಗದಗದಿಂದ ಬೆಳಗಿನ ಪ್ಯಾಸೆಂಜರ್.
ಅಣ್ಣಿಗೇರ್ಯಾಗ ಚಹಾ ಮಾರಾವ ಕೂಗತಾನ,
ಸೂಜಿ ಆಗೂತನಾ ಬ್ಯಾಡ ಅಂತಾಳ ಅಕ್ಕ.
ಹುಬ್ಬಳ್ಳ್ಯಾಗ ಬಸ್ಸು ಹಿಡಿದು ಧಾರವಾಡ,
ಬೇವಿನ ಗಿಡದ ಬುಡಕ್ಕ ಸಾಲು.
ಎಲ್ಲಾರ ಚೀಟಿ ಒಂದು, ನಂದೊಂದು.
ನನ್ನದಕ್ಕ ಕೋರ್ಟಿನ ಮೊಹರು.

ಒಡದದ್ದು ಕರೆಂಟ್ ಆಫೀಸಿನ ಒಂದ ಕಿಟಕಿ, ಸಾಹೇಬ್ರ.
ತಂತಿಯೊಳಗ ಕುಂತು ಯಾರೋ ರಾತ್ರಿಯೆಲ್ಲಾ
ಪರಶುರಾಮಸಾ, ಪರಶುರಾಮಸಾ ಅಂತಿದ್ರು.
ಸುಮ್ಮನಿರಸ್ರಿ ಅಂತ ಕೇಳಾಕ ಹೋಗಿದ್ದೆ.
ಜೇಲು ಬ್ಯಾಡ, ಔಷಧ ತೊಗೊಳ್ಳಿ ಅಂದ್ರಿ ತಾವು.
ಒಂದು ವರ್ಷ. ತಪ್ಪಿದರ ವಾರಂಟು.

ಈಗ ಯಾರೂ ಕೂಗೂದಿಲ್ಲ.
ಹೆಸರು ಹಿಡಿದು ಕರಿಯಾವ ಆಸ್ಪತ್ರಿ ಸಿಪಾಯಿ ಒಬ್ಬನ,
ಅವನೂ ತಪ್ಪು ಕರೀತಾನ.

ಬೆಟಗೇರಿ ಮಗ್ಗದ ಮನಿಯಾಗ
ಹರಿದ ಎಳಿಗೆ ಗಂಟ ಹಾಕಾವ ನಾನು.
ಕಣ್ಣು ಮುಚ್ಚಿ ಹಾಕತಿದ್ದೆ.
ಈಗ ಬೆರಳು ತಮ್ಮಷ್ಟಕ್ಕ ತಾವ ನಡಗತಾವ,
ಎಳಿ ಸಿಗತೈತಿ, ಸಿಕ್ಕದ್ದು ಜಾರತೈತಿ.
ಮಾಲಕ ಒಳ್ಳೆಯಾವ, ಕಂಡಕಿ ಸುತ್ತೂದು ಕೊಟ್ಟಾನ.
ಅದು ಹುಡುಗೋರ ಕೆಲಸ.

ನಿದ್ದಿ ಬರತೈತಿ, ಅದನ್ನ ಬರಕೊಳ್ರಿ.
ಅಕ್ಕ ತನ್ನ ಖೋಲಿಗೆ ಚಿಲಕ ಹಾಕದ ಮಲಗತಾಳ, ಅದನ್ನೂ.
ಅವ್ವ ಹೋದಾಗ ಮಾತ್ರ ಅಳು ಬರಲಿಲ್ಲ.
ಅದು ಗುಳಿಗಿ ಗುಣಾನೋ, ನಿಮ್ಮದೋ
ಅಂತ ಡಾಕ್ಟರಬಾಯಿ ಕೇಳಿದ್ಲು,
ನಾನೂ ಆಕಿನ್ನ ಅದನ್ನ ಕೇಳಿದೆ.
ಇಬ್ಬರೂ ಹೊತ್ತಗೊಂಡು ಹೊರಗ ನೋಡಿದಿವಿ.

ಕಡೀ ತಾರೀಖಿಗೆ ಗುಮಾಸ್ತ ಫಾರ್ಮು ತುಂಬಿದ.
ಮತ್ತ ಗುನ್ಹೆ, ಇಲ್ಲ.
ಗೈರುಹಾಜರಿ ಒಂದು, ರೈಲು ತಡ.
ಫಲಿತಾಂಶ ಸಮಾಧಾನಕರ.
ಷರಾ ಅನ್ನೂ ಜಾಗಾ ಇಷ್ಟಗಲ ಖಾಲಿ ಇತ್ತು,
ಅಡ್ಡ ಗೆರಿ ಹೊಡದು ಮುಚ್ಚಿದ.

ನಿನ್ನೆ ಮಂಗಳವಾರ, ಎರಡನೇದು.
ಯಾರ ಹುಕುಮೂ ಇರಲಿಲ್ಲ.
ಎದ್ದೆ. ಜಳಕಾ ಮಾಡಿದೆ. ಚಪ್ಪಲಿ ಮೆಟ್ಟಿದೆ.
ಅಕ್ಕ ಬುತ್ತಿ ಕಟ್ಟಿ ಹೊಚ್ಚಲಾ ಮ್ಯಾಲೆ ಇಟ್ಟಳು, ಏನೂ ಅನ್ನಲಿಲ್ಲ,
ಸೀರಿ ಬದಲಿಸಲೂ ಇಲ್ಲ.
ಗಾಡಿ ಬಂತು, ನಿಂತತು.
ಹತ್ತತೀಯೇನಪಾ ಪರಶುರಾಮಸಾ
ಅಂತ ಯಾರೋ ಕೇಳಿದಂಗಾತು.
ತಂತ್ಯಾಗಿಂದಲ್ಲ. ನಂದ ಧ್ವನಿ ಇದ್ದಂಗಿತ್ತು, ಸಾಹೇಬ್ರ,
ಹೆಸರೂ ತಪ್ಪಿರಲಿಲ್ಲ.

ಅಣ್ಣಿಗೇರ್ಯಾಗ ಇಳದು ಚಹಾ ಕುಡದೆ.
ಎರಡು ಕಪ್ಪು.