ಹುಳ ತಿಂದ ಪುಟ

ಪುಟಕ್ಕೆ ನಲವತ್ತು ಪೈಸೆ.
ಕಂದಾಯ ಭವನದ ಮೂರನೇ ಮಹಡಿ, ಕಿಟಕಿಯಾಚೆ
ಮೆಜೆಸ್ಟಿಕ್ ಬಸ್ಸುಗಳ ಹಾರ್ನು. ಒಳಗೆ
ಕೆಂಪು ಬಟ್ಟೆಯ ಗಂಟು ಬಿಚ್ಚಿದರೆ
ಅತ್ತಿಬೆಲೆ ಹೋಬಳಿಗೆ ಹೋಬಳಿಯೇ ಸೀನುತ್ತದೆ.

ಶಾನುಭೋಗರ ಗುಂಡಗಿನ ಅಕ್ಷರ:
ಪೂರ್ವಕ್ಕೆ ಬಂಡಿದಾರಿ, ಪಶ್ಚಿಮಕ್ಕೆ ಹೊಂಗೆಮರ.
ಅಂಚಿನಲ್ಲಿ ಬೇರೆ ಮಸಿ:
ಸದರಿ ಮರ ಸಿಡಿಲಿಗೆ ಬಿದ್ದಿರುತ್ತದೆ.
ಬಿದ್ದ ಮರಕ್ಕೆ ನಮ್ಮಲ್ಲಿ ಕಾಲಂ ಇಲ್ಲ.
ಬಿಟ್ಟೆ.

ಇನ್ನೊಂದು ಪುಟದಲ್ಲಿ ಹೆಸರಿನ ತಲೆಯನ್ನೇ
ಹುಳ ತಿಂದಿತ್ತು. ಉಳಿದದ್ದು ‘ಮ್ಮ’, ಅಷ್ಟೆ.
ತೂತಿನೊಳಗಿಂದ ಕೆಳಗಿನ ಪುಟದ ಬೆಳೆ
ಇಣುಕುತ್ತಿತ್ತು.
ಯಂತ್ರ ಎರಡನ್ನೂ ಕೂಡಿಸಿ ಓದಿತು.
ಖಾತೆದಾರರು: ರಾಗಿಮ್ಮ.
ಹಸಿರು ಗೆರೆ ಬಿತ್ತು. ಹೊತ್ತಾಗಿತ್ತು ನನಗೂ,
ಮುಂದಿನ ಪುಟ ತಿರುವಿದೆ.

ಮೂರು ತಿಂಗಳಿಗೆ ಬಂದಳು ನೇತ್ರಾವತಿ,
ಎರಡು ಬಸ್ಸು ಬದಲಿಸಿ,
ನಾಡಕಚೇರಿಯಲ್ಲಿ ತೆಗೆಸಿದ ಪಹಣಿ
ಮಡಿಕೆ ಬೀಳದ ಹಾಗೆ ಎದೆಗೆ ಹಿಡಿದು.
“ಯಾರ್ ಸಾರ್ ಈ ರಾಗಿಮ್ಮ?
ನಮ್ಮಜ್ಜಿ ಗೂಳಮ್ಮ. ಊರಲ್ಲಿ ಈಗ್ಲೂ
ಗೂಳಮ್ಮನ ಹೊಲ ಅಂತ್ಲೇ ಕರೆಯೋದು.”

ಎರಡೆಕರೆ ಹನ್ನೊಂದು ಗುಂಟೆ ಸರಿಯಿತ್ತು.
ಸರ್ವೆ ನಂಬರು, ಹಿಸ್ಸಾ, ಖರಾಬು, ಎಲ್ಲ ಸರಿ.
ಊರ ಬಾಯನ್ನು ಅಪ್‌ಲೋಡ್ ಮಾಡಲು ಬರುವುದಿಲ್ಲ,
ತಿದ್ದುಪಡಿಗೆ ಮೂಲ ದಾಖಲೆ ಬೇಕು
ಅಂದವನು ನಾನೇ ಹೋಗಿ
ಗಂಟು ಹೊತ್ತು ತಂದೆ, ಬಿಚ್ಚಿದೆ.

ಬಹಳ ಹೊತ್ತು ನೋಡಿದಳು.
ತೂತಿಗೆ ತೋರುಬೆರಳಿಟ್ಟು
“ಇಲ್ಲೇ ಅವ್ಳಲ್ಲ ಸಾರ್” ಅಂದಳು.